ರೋಮಿನ ಬಚ್ಚಲಲ್ಲಿ ಬೆಂದ ಅನ್ನ

ರೋಮಿಗೆ ಹೋಗಿದ್ದಿರಂತೆ, ಏನೇನು ನೋಡಿದಿರಿ ಎಂದು ಕೇಳುವವರಿಗೆ ನಾನು ನೆಟ್ಟಗೆ ಹೇಳುತ್ತೇನೆ: ಹೋಟೆಲಿನ ಬಚ್ಚಲು ನೋಡಿದೆ. ಬಿಳಿ ಟೈಲ್ಸು, ಕೈ ತೊಳೆಯುವ ಬೇಸಿನ್ನು, ಅದರ ಪಕ್ಕ ಒಂದೇ ಒಂದು ಪ್ಲಗ್ಗು, ಆ ಪ್ಲಗ್ಗಿಗೆ ಬಳ್ಳಾರಿಯಿಂದ ಹೊತ್ತೊಯ್ದ ಕರೆಂಟಿನ ಕುಕ್ಕರ್. ಕೇಳಿದವರು ನಗುತ್ತಾರೆ. ನನಗೆ ಮಾತ್ರ ಇವತ್ತಿಗೂ ನಗು ಬರುವುದಿಲ್ಲ.

ಕುರುಗೋಡಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವಳು ನಾನು. ದಿನಾ ಬಳ್ಳಾರಿಯಿಂದ ಬಸ್ಸು, ದಿನಾ ಅದೇ ಭೂಪಟ. ರೋಮಿನ ಪಾಠಕ್ಕೆಂದು ಹಳೆಯ ಪುಸ್ತಕವೊಂದರ ಬೂದು ಚಿತ್ರ ತೋರಿಸುತ್ತಿದ್ದೆ: ಪ್ಯಾಂಥಿಯನ್ ಎಂಬ ಗುಡಿ, ದೊಡ್ಡ ಗುಮ್ಮಟ, ಗುಮ್ಮಟದ ನೆತ್ತಿಯಲ್ಲಿ ಮುಚ್ಚಳವಿಲ್ಲದ ತೂತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಟೀಚರ್, ನಮ್ಮ ಮಾಳಿಗಿಗೂ ಬೆಳಕಿಂಡಿ ಐತ್ರಿ. ಮಳಿ ಬಂದ್ರ ಅವ್ವ ಮ್ಯಾಲ ಹತ್ತಿ ತಗಡು ಮುಚ್ಚತಾಳ. ಅಲ್ಲಿ ಯಾರು ಮುಚ್ಚತಾರ್ರಿ?"

ಕ್ಲಾಸೆಲ್ಲ ನಕ್ಕಿತು. ಯಾರೂ ಮುಚ್ಚಲ್ಲ, ಮಳೆ ಒಳಗೇ ಬೀಳುತ್ತದೆ ಎಂದೆ. "ಹಂಗಾರ ಆ ನೀರು ಎಲ್ಲಿ ಹೋಗ್ತೈತ್ರಿ?" ನನಗೆ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಕೂತ್ಕೋ ಎಂದು ಗದರಿಸಿದೆ. ಆ ನಾಳೆ ಬರಲೇ ಇಲ್ಲ.

ಈಗ ಫೋನು ಕೇಳಿದರೆ ಹೇಳುತ್ತದೆ, ನೆಲದ ಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳಿವೆ, ನೀರು ಅದರಲ್ಲಿ ಇಳಿದುಹೋಗುತ್ತದೆ ಎಂದು. ಓದಿಕೊಂಡಿದ್ದೆ. ಆದರೆ ಓದಿದ್ದನ್ನೇ ಮೂವತ್ತು ವರ್ಷ ಒದರಿ ನನಗೆ ಸಾಕಾಗಿತ್ತು. ಒಂದನ್ನಾದರೂ ಕಣ್ಣಾರೆ ಕಂಡು ಹೇಳಬೇಕಿತ್ತು. ಆ ಹುಡುಗಿ ಈಗ ಕುರುಗೋಡಿನ ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಹೋಗುವ ಮೊದಲು ಅವಳಿಗೆ ಹೇಳಿಯೇ ಹೊರಟಿದ್ದೆ. "ನೋಡ್ಕೊಂಡು ಬಂದು ಹೇಳ್ರಿ ಟೀಚರ್, ನಾ ಇನ್ನೂ ಮರ್ತಿಲ್ಲ" ಎಂದು ನಕ್ಕಿದ್ದಳು.

ಹೊರಟವರು ನಮ್ಮ ಮನೆಯಿಂದ ಮೂವರು. ನಾನು, ನಮ್ಮ ಯಜಮಾನರು, ಅವರ ಅಣ್ಣ, ಅಂದರೆ ನಮ್ಮ ಭಾವನವರು. ಭಾವನವರಿಗೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಸಗಟು ಕಿರಾಣಿ ಅಂಗಡಿ. ಹೆಂಡತಿ ತೀರಿಕೊಂಡಾಗಿನಿಂದ ಎರಡು ಹೊತ್ತೂ ಊಟ ನಮ್ಮ ಮನೆಯಲ್ಲೇ. ಪರದೇಶದ ಅಡುಗೆಯಲ್ಲಿ ಏನು ಹಾಕಿರುತ್ತಾರೋ ಎಂಬ ಭಯ ಅವರಿಗೆ. ಅದಕ್ಕೇ ಕುಕ್ಕರ್, ಅದಕ್ಕೇ ಸಿರುಗುಪ್ಪದ ಆಚೆ ದೇಶನೂರಿನ ನಮ್ಮ ಗದ್ದೆಯ ಸೋನಾಮಸೂರಿ, ಸಾರಿನ ಪುಡಿ. ಎಲ್ಲಾ ನನ್ನ ಸೂಟ್‌ಕೇಸಿನಲ್ಲಿ! ನನ್ನ ಸೀರೆಗಳಿಗೆ ಜಾಗವಿರಲಿಲ್ಲ.

ಮೊದಲ ದಿನ ಕೊಲೋಸಿಯಂ. ಬಸ್ಸಿಳಿದು ಹತ್ತು ನಿಮಿಷವಾಗಿರಲಿಲ್ಲ, ಭಾವನವರು "ನಮ್ಮ ಹಂಪಿ ಮುಂದ ಇದೇನೈತಿ ಬಿಡು" ಎಂದು ಹಸಿವಿನ ನೆಪ ಹೇಳಿ ವಾಪಸ್ ಬಸ್ಸು ಹತ್ತಿದರು. ಹಿಂದೆ ನಾವೂ ಹತ್ತಿದೆವು. ದಣಿವಿಗೆ ಕುಕ್ಕರ್ ಬಿಚ್ಚದೆ ಅವತ್ತು ಬ್ರೆಡ್ಡಿನಲ್ಲೇ ಕಳೆದೆವು.

ಎರಡನೆಯ ದಿನ ಪ್ಯಾಂಥಿಯನ್. ಮರುದಿನ ಬೆಳಿಗ್ಗೆ ನಮ್ಮ ವಿಮಾನ. ನಾನು ಆಗಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ.

"ನೋಡವಾ," ಎಂದರು ಭಾವನವರು, "ನೀ ಇಲ್ಲೇ ಇದ್ದು ಒಂದ್ಹಿಡಿ ಅನ್ನ, ಸಾರು ಮಾಡಿಬಿಡು. ಎರಡು ದಿನದಿಂದ ಬ್ರೆಡ್ ತಿಂದು ಜೀವ ಸಾಕಾಗೈತಿ. ಹಳೇ ಗುಡಿ ಅಂತ ಅದು. ಗುಡಿ ನಮ್ಮ ಕಡಿ ಕಡಿಮಿ ಅದಾವೇನು?"

ನಾನು ಯಜಮಾನರ ಮುಖ ನೋಡಿದೆ. ಅವರು ಬೆಲ್ಟು ಬಿಗಿದುಕೊಳ್ಳುತ್ತಾ, "ಒಂದಿನ ಅಡ್ಜಸ್ಟ್ ಮಾಡ್ಕೊ. ಫೋಟೋ ತಗೊಂಡ್ ಬರ್ತೀನಿ," ಎಂದರು.

ನಾನು ಹೂಂ ಎಂದೆ. ನನ್ನ ಬಾಯಿಗೆ ಮಣ್ಣು ಹಾಕ! ಕ್ಲಾಸಿನಲ್ಲಿ ಅರವತ್ತು ಮಕ್ಕಳನ್ನು ಒಂದು ನೋಟಕ್ಕೆ ಕೂರಿಸುತ್ತಿದ್ದವಳು, ಈ ಇಬ್ಬರು ಗಂಡಸರ ಮುಂದೆ ಹೂಂ ಎಂದೆ. ಅವರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಇನ್ನೂ ಆರಿಲ್ಲ.

ಹೊಗೆ ಕಂಡರೆ ಕೂಗಿಕೊಳ್ಳುವ ಯಂತ್ರವೊಂದು ಕೋಣೆಯ ಛತ್ತಿನಲ್ಲಿತ್ತು. ಅದಕ್ಕೆ ಹೆದರಿ ಬಚ್ಚಲಲ್ಲಿ ಕುಕ್ಕರ್ ಇಟ್ಟು, ಕಮೋಡಿನ ಮುಚ್ಚಳದ ಮೇಲೆ ಕಾವಲು ಕೂತೆ. ಅಷ್ಟರಲ್ಲಿ ಸದ್ದು ಕೇಳಿ ಕಿಟಕಿಗೆ ಹೋದರೆ ಮಳೆ! ಧೋ ಅಂತ ಮಳೆ. ಅಲ್ಲಿ ಆ ತೂತಿನಿಂದ ನೀರು ಬೀಳುತ್ತಿದೆ, ನೆಲದಲ್ಲಿ ಇಳಿಯುತ್ತಿದೆ, ನಾನು ಇಲ್ಲಿ ಅನ್ನ ಕಾಯುತ್ತಿದ್ದೇನೆ. ತಡೆಯಲಾಗದೆ ಹೋಟೆಲಿನ ಹೆಬ್ಬಾಗಿಲವರೆಗೆ ಇಳಿದೆ. ದಾರಿ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಮೇಲೆ ಕೋಣೆಯಲ್ಲಿ ಕುಕ್ಕರ್ ಕುದಿಯುತ್ತಿದೆ. ವಾಪಸ್ ಹತ್ತಿದೆ.

ಅವರು ತೊಯ್ದುಕೊಂಡು ಬಂದು ತಟ್ಟೆ ಮುಂದೆ ಕೂತರು. "ಆಹಾ, ಈಗ ನೋಡು ಊಟ ಅಂದ್ರ!" ಎಂದರು ಭಾವನವರು.

"ಮಳಿ ಒಳಗ ಬಿತ್ತೇನ್ರಿ?" ಎಂದು ಯಜಮಾನರನ್ನು ಕೇಳಿದೆ.

"ಬಿತ್ತು ಬಿತ್ತು. ಎಲ್ಲಾ ರಾಡಿ."

"ನೀರು ಎಲ್ಲಿ ಹೋತು?"

"ಯಾವ ನೀರು?"

ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಸೌಟನ್ನು ಗೋಡೆಗೆ ಬೀಸುವುದೊಂದು ಬಾಕಿ. ಅವರ ಫೋನು ಕಸಿದುಕೊಂಡೆ. ನಲವತ್ತು ಫೋಟೋ, ನಲವತ್ತರಲ್ಲೂ ಇವರಿಬ್ಬರ ಮುಖ. ಗುಮ್ಮಟವಿಲ್ಲ, ತೂತಿಲ್ಲ, ನೆಲವಿಲ್ಲ. ಒಂದರಲ್ಲಿ ಮಾತ್ರ ಕಾಲಿನವರೆಗೆ ಬಂದಿತ್ತು. ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಒದ್ದೆ ಕಲ್ಲು. ಭಾವನವರ ಬಿಳಿ ಬೂಟು. ಬೂಟಿನ ಅಂಚಿನಲ್ಲಿ ಅರ್ಧ ತೂತು. ಉಳಿದರ್ಧ ಬೂಟಿನಡಿ.

ಊರಿಗೆ ಬಂದು ತಿಂಗಳಾದರೂ ಕುರುಗೋಡಿನ ಕಡೆ ಮುಖ ಹಾಕಲಿಲ್ಲ. ಆ ಹುಡುಗಿಗೆ ಏನಂತ ಹೇಳಲಿ, ಸಾರು ಚೆನ್ನಾಗಿತ್ತು ಅಂತಲೇ? ಕೊನೆಗೆ ಒಂದು ದಿನ ಆ ಫೋಟೋ ತೆಗೆದುಕೊಂಡು ಸ್ಟುಡಿಯೋಕ್ಕೆ ಹೋದೆ. ಬರೀ ಕೆಳಗಿನ ಭಾಗ ದೊಡ್ಡದು ಮಾಡಿಕೊಡಿ ಎಂದೆ.

"ಮೇಡಂ, ಮುಖ ಎಲ್ಲಾ ಕಟ್ ಆಗ್ತಾವ್ರಿ," ಎಂದ ಸ್ಟುಡಿಯೋದವನು.

"ಆಗಲಿ ಬಿಡ್ರಿ."

ಕಟ್ಟು ಹಾಕಿಸಿ ಪಡಸಾಲೆಯಲ್ಲಿ, ಭಾವನವರು ದಿನಾ ಕೂರುವ ಕುರ್ಚಿಯ ಎದುರಿಗೇ ಮೊಳೆ ಹೊಡೆದೆ. ಮಧ್ಯಾಹ್ನ ಊಟಕ್ಕೆ ಬಂದವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದ್ಯಾರ ಬೂಟವಾ?"

"ನಿಮ್ಮವೇ ರೀ."

"ಬೂಟಿನ ಫೋಟೋ ಯಾಕ ಹಾಕೀದಿ?"

"ಬೂಟಿಂದಲ್ರಿ, ಅದರ ಬುಡಕಿನ ತೂತಿಂದು. ಅದನ್ನ ನೋಡಾಕಂತ ನಾ ಅಷ್ಟು ದೂರ ಹೋಗಿದ್ದೆ. ನೀವು ನನ್ನನ್ನ ಅನ್ನ ಮಾಡಾಕ ಬಿಟ್ಟು ಹೋದ್ರಿ. ಹೋಗಿ ಅದರ ಮ್ಯಾಲೇ ನಿಂತ್ರಿ."

ಭಾವನವರು ಕುರ್ಚಿಯಲ್ಲಿ ಕೂತರು. ಗಡಿಯಾರ ನೋಡಿದರು. ಯಜಮಾನರು ಅಡುಗೆಮನೆಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಒಳಗೆ ಅನ್ನವೂ ಆಗಿತ್ತು, ಸಾರೂ ಆಗಿತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದಮೇಲೆ ಮೊದಲ ಸಲ, ಊಟಕ್ಕೆ ಏಳ್ರಿ ಅನ್ನಲಿಲ್ಲ.