ಕಿರುಬೆರಳಿಗೆ ಎರಡು ಸಲ

ಕಳೆದ ಭಾನುವಾರ ಸ್ಕೂಟರ್ ಪಂಕ್ಚರ್ ಆಗಿ, ಅಂಗಡಿ ಹುಡುಕುತ್ತಾ ತಳ್ಳಿಕೊಂಡು ಬಂದು ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ನಿಲ್ಲಬೇಕಾಯಿತು. ಆ ಓಣಿಯನ್ನು ನಾನು ವರ್ಷಗಳಿಂದ ಬೇಕೆಂದೇ ತಪ್ಪಿಸಿಕೊಂಡು ಓಡಾಡುವವನು. ಸುತ್ತು ಹೆಚ್ಚಾದರೂ ಚಿಂತೆಯಿಲ್ಲ, ವಿದ್ಯಾನಗರದ ನನ್ನ ಕಾಲೇಜಿನ ಕಚೇರಿಗೆ ಬೇರೆ ದಾರಿ ಹಿಡಿದೇ ಹೋಗುತ್ತೇನೆ. ಆದರೆ ಸ್ಕೂಟರಿನ ಚಕ್ರಕ್ಕೆ ಇದೆಲ್ಲ ಎಲ್ಲಿ ಗೊತ್ತು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದಾಗ ಎದುರಿನ ಭಟ್ಟಿಯಿಂದ ವಾಸನೆ ಬಂತು. ಕಾದ ಮರಳು, ಉಪ್ಪುನೀರು ಹೀರಿದ ಅಕ್ಕಿ, ಭತ್ತದ ಹೊಟ್ಟಿನ ಹೊಗೆ... ನನ್ನ ಬಲಮಂಡಿ ಸಣ್ಣಗೆ ನೋಯತೊಡಗಿತು.

ಆ ಓಣಿಯಲ್ಲಿ ಒಂದು ಭಟ್ಟಿ ಚಾಚಾ ಅವರದಾಗಿತ್ತು. ಅವರ ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ನಮ್ಮಪ್ಪನೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದ. ಬೆಳಗ್ಗೆಯೆಲ್ಲ ಮಂಡಕ್ಕಿ ಹುರಿಸುವುದು, ಸಂಜೆ ಭಟ್ಟಿಯ ಹಿಂದಿನ ಬಯಲಿನಲ್ಲಿ ಕಬಡ್ಡಿ ಆಡಿಸುವುದು, ಇಷ್ಟೇ ಅವರ ದಿನಚರಿ. ತಾವೂ ಒಂದು ಕಾಲಕ್ಕೆ ಆಡಿದವರು. ಬಲಗೈಯ ಕಿರುಬೆರಳು ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

ಬೇರೆ ತಂಡದವರು ರೈಡರ್‌ಗಳನ್ನು ಹುಡುಕುತ್ತಿದ್ದರು. ಎದುರು ಪಾಳೆಯಕ್ಕೆ ನುಗ್ಗಿ ಮುಟ್ಟಿ ಬರುವವನಿಗೇ ತಾನೇ ಚಪ್ಪಾಳೆ. ಚಾಚಾ ಹುಡುಕುತ್ತಿದ್ದದ್ದು ಹಿಡಿಯುವವರನ್ನು. ಅದಕ್ಕಾಗಿ ಅವರು ಯಾವ ಮೈದಾನಕ್ಕೂ ಹೋಗುತ್ತಿರಲಿಲ್ಲ. ಚೀಲ ಇಳಿಸುವ ಕಡೆ ಹೋಗಿ ನಿಲ್ಲುತ್ತಿದ್ದರು. ಮೆಕ್ಕೆಜೋಳದ ಮಂಡಿ, ಅಕ್ಕಿ ಗಿರಣಿಯ ಹಿತ್ತಲು, ಲಾರಿ ನಿಲ್ಲುವ ಜಾಗ. ಯಾರು ಎಷ್ಟು ಭಾರ ಹೊರುತ್ತಾರೆ ಎಂಬುದು ಅವರಿಗೆ ಬೇಕಿರಲಿಲ್ಲ, ಹೊತ್ತದ್ದನ್ನು ಹೇಗೆ ಕೆಳಗಿಡುತ್ತಾರೆ ಎಂದು ನೋಡುತ್ತಿದ್ದರು.

ನನ್ನನ್ನು ಹಿಡಿದದ್ದೂ ಹಾಗೆಯೇ. ನಮ್ಮೂರು ಪಕ್ಕದ ಬಾತಿ. ನನಗಾಗ ಹತ್ತೊಂಬತ್ತು, ಎರಡು ಸಲ ಪಿಯುಸಿ ಫೇಲಾಗಿ ಮನೆಯಲ್ಲಿ ಉಣ್ಣುವುದಕ್ಕೆ ಮಾತ್ರ ಹೆಸರಾಗಿದ್ದೆ. ಅಪ್ಪನ ಜೊತೆ ಟ್ರ್ಯಾಕ್ಟರಿನಲ್ಲಿ ಭತ್ತ ತಂದು ಚಾಚಾನ ಭಟ್ಟಿಯ ಮುಂದೆ ಇಳಿಸುತ್ತಿದ್ದಾಗ ಮೇಲಿನಿಂದ ಒಂದು ಚೀಲ ಜಾರಿತು. ಎಲ್ಲರೂ ಚದುರಿದರು. ನಾನು ದಡ್ಡನ ಹಾಗೆ ಅಲ್ಲೇ ನಿಂತು ಸೊಂಟ ಕೊಟ್ಟೆ, ಚೀಲದ ಸಮೇತ ನೆಲಕ್ಕೆ ಕುಸಿದೆ.

ಚಾಚಾ ಹತ್ತಿರ ಬಂದು ಕೇಳಿದರು, "ಪಕ್ಕಕ್ಕೆ ಯಾಕ ಸರೀಲಿಲ್ಲ?"

"ಸರಿದಿದ್ರೆ ಚೀಲ ಒಡೀತಿತ್ತು ಚಾಚಾ."

ಅವರು ನಗಲಿಲ್ಲ. ಸಂತೆಯಲ್ಲಿ ಎತ್ತನ್ನು ನೋಡುವ ಹಾಗೆ ನನ್ನನ್ನು ಒಂದು ಸುತ್ತು ಹಾಕಿ ನೋಡಿ, ಅಪ್ಪನ ಕಡೆ ತಿರುಗಿ, "ಇವನ್ನ ಸಂಜಿ ಹೊತ್ತು ನನಗ ಬಿಡ್ರಿ ಗೌಡ್ರೆ" ಎಂದರು. ಡುಮ್ಮ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದ ನನ್ನನ್ನು ಒಬ್ಬರು ಕೇಳಿ ಪಡೆದದ್ದು ಅದೇ ಮೊದಲು.

ನನ್ನನ್ನು ಹಿಡಿಯುವವರ ಸಾಲಿನ ಎಡ ತುದಿಗೆ, ಎಡ ಕಾರ್ನರಿನಲ್ಲಿ ನಿಲ್ಲಿಸಿದರು. ಪಕ್ಕದಲ್ಲಿ ಕೈ ಹಿಡಿದು ನಿಲ್ಲುವ ಜೋಡಿಯಾಗಿ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ ಒಬ್ಬನನ್ನು ಕೊಟ್ಟರು. ಅವನು ನನಗಿಂತ ಅಗಲ, ಮಾತು ನನಗಿಂತ ಕಡಿಮೆ. ನಮಗಿಬ್ಬರಿಗೂ ಚಾಚಾ ಕಲಿಸಿದ ಮೊದಲ ಪಾಠ ಬೆರಳಿನದು. ರೈಡರ್‌ನ ಕಾಲಿಗೆ ಬೀಳುವ ಮೊದಲು ಜೋಡಿಯ ಕಿರುಬೆರಳನ್ನು ಎರಡು ಸಲ ಒತ್ತಬೇಕು. ನಾನು ಹೋಗುತ್ತೇನೆ ಎಂದು ಅದರ ಅರ್ಥ. ಅವನು ಒಂದು ಸಲ ತಿರುಗಿ ಒತ್ತಿದರೆ, ನಾನೂ ಬಂದೆ ಎಂದು. "ಅವನು ಒತ್ತೋ ತನಕ ಕಾಲು ಕೀಳಬ್ಯಾಡ. ಒಬ್ಬನೇ ಹಿಡಿಯಾಕ ಹೋದವನ ಗತಿ ನೋಡು" ಎಂದು ತಮ್ಮ ಸೊಟ್ಟ ಬೆರಳು ತೋರಿಸುತ್ತಿದ್ದರು. ತಿಂಗಳುಗಟ್ಟಲೆ ಅದನ್ನೇ ಮಾಡಿಸಿದರು. ಕೊನೆಗೆ ನಾನು ಒತ್ತುವುದೂ ಅವನು ಮರು ಒತ್ತುವುದೂ ಉಸಿರಾಡಿದಷ್ಟು ಸಲೀಸಾಯಿತು.

ಹುಡುಕಿದವರನ್ನು ಉಳಿಸಿಕೊಳ್ಳುವುದಕ್ಕೂ ಅವರದೇ ದಾರಿಯಿತ್ತು. ಪಂದ್ಯ ಗೆದ್ದ ಸಂಜೆ ಭಟ್ಟಿಯ ಅಂಗಳದಲ್ಲಿ ಬಿಸಿ ಮಂಡಕ್ಕಿ, ಮಿರ್ಚಿ. ಮೊದಲ ಪಂಕ್ತಿ ಹಿಡಿಯುವವರಿಗೆ, ಬಡಿಸುವವರು ಸ್ವತಃ ಚಾಚಾ. ರೈಡರ್‌ಗಳು ಕೊರಳಲ್ಲಿ ಹಾರ ಹಾಕಿಕೊಂಡೇ ಗೋಡೆಗೊರಗಿ ಕಾಯಬೇಕು. ಅವರು ಗೊಣಗಿದರೆ, "ನಿಮಗ ಮೈಕಿನಾಗ ಹೆಸ್ರು ಬಂತಲ್ಲ, ಇವ್ರಿಗೆ ಮಿರ್ಚಿನಾರ ಮೊದ್ಲು ಬರ್ಲಿ" ಎನ್ನುತ್ತಿದ್ದರು. ಸುಗ್ಗಿಯಲ್ಲಿ ಅಪ್ಪ ನನ್ನನ್ನು ಆಟಕ್ಕೆ ಬಿಡುವುದಿಲ್ಲ ಎಂದು ಹಟ ಹಿಡಿದಾಗ ಚಾಚಾ ಜಗಳಕ್ಕೆ ಬರಲಿಲ್ಲ. ಬೆಳಗಾಗುತ್ತಲೇ ತಂಡದ ನಾಲ್ವರು ಕುಡುಗೋಲು ಹಿಡಿದು ನಮ್ಮ ಗದ್ದೆಯಲ್ಲಿ ಸಾಲಾಗಿ ನಿಂತಿದ್ದರು. ಎರಡು ದಿನದ ಕೊಯ್ಲು ಒಂದೇ ದಿನದಲ್ಲಿ ಮುಗಿಯಿತು. ಸಂಜೆ ಅಪ್ಪನೇ ನನ್ನನ್ನು ಆಟಕ್ಕೆ ಅಟ್ಟಿದ.

ಹೀಗೆ ನಾಲ್ಕು ವರ್ಷ. ನನ್ನ ಬದುಕಿನ ಒಳ್ಳೆಯ ವರ್ಷಗಳು ಯಾವುವು ಎಂದು ಯಾರಾದರೂ ಕೇಳಿದರೆ ಅವೇ...

ಆಮೇಲೆ ಹರಿಹರದ ಒಂದು ಕಾರ್ಖಾನೆಯ ತಂಡದವರು ನನ್ನನ್ನು ಹುಡುಕಿಕೊಂಡು ಬಾತಿಗೆ ಬಂದರು. ಅವರಿಗೆ ಎಡ ಕಾರ್ನರ್ ಬೇಕಾಗಿತ್ತು. ಒಂದು ವರ್ಷ ಆಡಿದರೆ ಕೆಲಸ ಕಾಯಂ ಎಂದರು. ಅವ್ವ ದೇವರಿಗೆ ದೀಪ ಹಚ್ಚಿದಳು. ಫೇಲಾದವನಿಗೆ ಕೆಲಸವೆಂದರೆ ಸಣ್ಣ ಮಾತೇ. ನಾನು ಹೋದದ್ದು ತಪ್ಪು ಎಂದು ಈಗಲೂ ಹೇಳಲಾರೆ. ಹೇಳದೆ ಹೋದದ್ದು ತಪ್ಪು. ಚಾಚಾನ ಎದುರು ನಿಂತು ಹೇಳುವ ಧೈರ್ಯ ನನಗಿರಲಿಲ್ಲ, ಸುಮ್ಮನೆ ಆಟಕ್ಕೆ ಹೋಗುವುದನ್ನು ಬಿಟ್ಟೆ. ಎರಡನೇ ದಿನ ಚಾಚಾ ನನ್ನ ಜೋಡಿಯನ್ನು ಮನೆಗೆ ಕಳಿಸಿದರು, ಜ್ವರವೇನಾದರೂ ಬಂದಿದೆಯೇ ನೋಡಿ ಬಾ ಎಂದು. ನಾನು ಒಳಕೋಣೆಯಲ್ಲಿದ್ದೆ. ಅವ್ವ ಬಾಗಿಲಲ್ಲೇ ನಿಂತು, "ನೆಂಟ್ರ ಮನಿಗೆ ಹೋಗ್ಯಾನಪ್ಪ" ಎಂದಳು. ಅವನು ತಂದಿದ್ದ ಮಂಡಕ್ಕಿಯ ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಹೋದ. ಅದು ಇನ್ನೂ ಬೆಚ್ಚಗಿತ್ತು.

ಹೊಸ ತಂಡಕ್ಕೆ ನಾನು ನನಗೆ ಗೊತ್ತಿದ್ದದ್ದನ್ನೆಲ್ಲ ಕೊಟ್ಟೆ. ಚಾಚಾನ ರೈಡರ್‌ಗಳಲ್ಲಿ ಯಾರು ಯಾವ ಕಡೆ ತಿರುಗುತ್ತಾರೆ, ಯಾರಿಗೆ ಉಸಿರು ಬೇಗ ಸಾಲದಾಗುತ್ತದೆ, ಎಲ್ಲ. ಬೆರಳಿನ ಗುಟ್ಟೊಂದನ್ನು ಬಿಟ್ಟು.

ಆರು ತಿಂಗಳಿಗೆ ಹರಿಹರದ ಮೈದಾನದಲ್ಲಿ ನಮಗೆ ಎದುರಾದದ್ದು ಚಾಚಾನ ತಂಡ. ಮಧ್ಯಾಹ್ನದ ಬಿಸಿಲು. ನನ್ನ ಹಳೆಯ ಜೋಡಿ ಆ ಕಡೆ ಬೇರೊಬ್ಬನ ಕೈ ಹಿಡಿದು ನಿಂತಿದ್ದ, ನನ್ನ ಮುಖ ನೋಡಲಿಲ್ಲ. ಚಾಚಾ ಗೆರೆಯಾಚೆ ಕುಕ್ಕರುಗಾಲಲ್ಲಿ ಕೂತಿದ್ದರು. ಅವರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಅವರ ರೈಡರ್ ನನ್ನ ಕಡೆಗೇ ಬಂದ, ಕಾಲು ಚಾಚಿದ. ನಾನು ಪಕ್ಕದವನ ಕಿರುಬೆರಳನ್ನು ಎರಡು ಸಲ ಒತ್ತಿದೆ. ಮರು ಒತ್ತಿಗೆ ಕಾಯಲಿಲ್ಲ. ನಾಲ್ಕು ವರ್ಷ ಅದು ಒಮ್ಮೆಯೂ ತಪ್ಪಿರಲಿಲ್ಲ, ಕಾಯಬೇಕು ಎಂಬುದೇ ನನಗೆ ಮರೆತುಹೋಗಿತ್ತು. ರೈಡರ್‌ನ ಪಾದಕ್ಕೆ ಬಿದ್ದೆ. ಹೊಸ ಜೋಡಿಗೆ ಏನೂ ಗೊತ್ತಿಲ್ಲ, ನಿಂತಲ್ಲೇ ನಿಂತಿದ್ದ. ರೈಡರ್ ಬಿಡಿಸಿಕೊಳ್ಳಲು ತಿರುಗಿ ಇಡೀ ಮೈಭಾರದೊಂದಿಗೆ ನನ್ನ ಮಂಡಿಯ ಮೇಲೆ ಬಿದ್ದ. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು.

ನನ್ನ ತಂಡದವರಿಗಿಂತ ಮೊದಲು ಬಂದವರು ಚಾಚಾ. ಅಂಪೈರ್ ಸೀಟಿ ಊದುತ್ತಿದ್ದರೂ ಗೆರೆ ದಾಟಿ ಬಂದು, ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಮಂಡಿ ಬಿಗಿದರು.

"ಬೆರಳು ಒತ್ತಿದ್ದು ಕಂಡೆ" ಎಂದರು. "ಅವಂಗೆ ಹೇಳಿಕೊಟ್ಟಿರಲಿಲ್ಲೇನು?"

"ಇಲ್ಲ ಚಾಚಾ."

"ಯಾಕಪ್ಪ?"

ನಾನು ಟವೆಲ್ಲಿನ ಅಂಚು ಹಿಡಿದು ಅಳತೊಡಗಿದೆ. ನೋವಿಗೆ ಅಳುತ್ತಿದ್ದೇನೆ ಎಂದು ಅವರು ತಿಳಿದರು. ತಲೆ ಸವರಿ, "ಹೇಳ್ಬೇಕಿತ್ತು ಬೇಟಾ" ಎಂದಷ್ಟೇ ಅಂದರು.

ಮಂಡಿ ಮೊದಲಿನಂತಾಗಲಿಲ್ಲ. ಆಡದವನಿಗೆ ಕಾರ್ಖಾನೆಯಲ್ಲಿ ಕೆಲಸವೂ ಇರಲಿಲ್ಲ. ವರ್ಷವಾದ ಮೇಲೆ ವಿದ್ಯಾನಗರದ ಕಾಲೇಜಿನಿಂದ ಜವಾನನ ಕೆಲಸಕ್ಕೆ ಕರೆ ಬಂದಾಗ ಎಲ್ಲ ದೇವರ ದಯೆ ಎಂದುಕೊಂಡೆ. ದಯೆ ಭಟ್ಟಿಯ ಓಣಿಯಿಂದ ಬಂದದ್ದೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಕಚೇರಿಯ ಸೂಪರಿಂಟೆಂಡೆಂಟರು ನಿವೃತ್ತರಾಗುವ ದಿನ ಹೇಳಿದರು, "ಆ ಮಂಡಕ್ಕಿ ಭಟ್ಟಿ ಸಾಬ್ರು ನಿನ್ನ ಸಲುವಾಗಿ ಮೂರು ಸಲ ಬಂದು ಬಾಗಿಲಾಗ ನಿಂತಿದ್ರಪ್ಪ. ಬಿದ್ದೋನು ನನ್ನ ಹುಡುಗ ಅಂತಿದ್ರು."

ನನ್ನ ಹುಡುಗ... ಬಿಟ್ಟು ಹೋದವನನ್ನೂ ಅವರು ತಂಡದಿಂದ ತೆಗೆದಿರಲಿಲ್ಲ. ಆ ಸಂಜೆಯೇ ಹೋಗಿ ಅವರ ಕಾಲು ಹಿಡಿಯಬೇಕಿತ್ತು. ನಾಳೆ ಎಂದೆ, ಶುಕ್ರವಾರ ಎಂದೆ, ಹಬ್ಬ ಕಳೆಯಲಿ ಎಂದೆ. ನಾಚಿಕೆಗೆ ನೆಪಗಳಿಗೇನು ಬರ. ಹಬ್ಬ ಕಳೆದ ಹದಿನೈದು ದಿನಕ್ಕೆ ಬೆಳಗ್ಗೆ ಫೋನ್ ಬಂತು. ವರ್ಷಗಳ ಮೇಲೆ ನನ್ನ ಜೋಡಿಯ ದನಿ. "ಚಾಚಾ ಹೋದ್ರು. ಬಾ."

ನಾನು ಹೋಗುವಷ್ಟರಲ್ಲಿ ಚಾಚಾನ ಜನಾಜಾ ಓಣಿ ದಾಟುತ್ತಿತ್ತು. ಹೊತ್ತವರಲ್ಲಿ ಮುಕ್ಕಾಲು ಪಾಲು ನಮ್ಮ ಹಳೆಯ ಹಿಡಿಯುವವರೇ. ತಲೆ ನೆರೆತಿತ್ತು, ಹೊಟ್ಟೆ ಬಂದಿತ್ತು, ಆದರೆ ಭಾರ ಹೊರುವ ರೀತಿ ಅದೇ. ನಾನು ಅಂಚಿನಲ್ಲಿ ಕುಂಟುತ್ತಾ ನಡೆದಿದ್ದೆ. ಮುಂದಿನ ಎಡಕ್ಕೆ ಹೆಗಲು ಕೊಟ್ಟಿದ್ದ ಜೋಡಿ ತಿರುಗಿ ನೋಡಿ, "ನನ್ನ ಹಿಂದ ಬಾ" ಎಂದ. ಅಲ್ಲಿದ್ದವರು ಜಾಗ ಬಿಟ್ಟರು. ಹೆಗಲು ಕೊಟ್ಟೆ. ಚಾಚಾ ಇಷ್ಟು ಹಗುರವಾಗಿದ್ದರೇ ಎನಿಸಿತು. ನಾಲ್ಕು ಹೆಜ್ಜೆಗೇ ಓಣಿಯ ಇಳಿಜಾರಿನಲ್ಲಿ ಮಂಡಿ ನಡುಗಿತು. ಅವನಿಗೆ ಹೇಗೆ ತಿಳಿಯಿತೋ, ಎಡಗೈಯನ್ನು ಹಿಂದಕ್ಕೆ ಚಾಚಿದ. ಹಿಡಿದುಕೊಂಡೆ. ನನಗೇ ಅರಿವಿಲ್ಲದೆ ಅವನ ಕಿರುಬೆರಳನ್ನು ಎರಡು ಸಲ ಒತ್ತಿದ್ದೆ.

ಈ ಸಲ ಕಾದೆ. ಹಿಂದಿನವರು ನನ್ನ ಮೈಮೇಲೆ ಬರುವಷ್ಟು ಹೊತ್ತು ಕಾದೆ. ಅವನು ಒಂದು ಸಲ ಒತ್ತಿದ. ಆಮೇಲೆ ಕಾಲು ಎತ್ತಿಟ್ಟೆ.

ಈಗ ಚಾಚಾನ ಭಟ್ಟಿಯ ಜಾಗದಲ್ಲಿ ಸಿಮೆಂಟಿನ ಗೋದಾಮು ಇದೆ. ಹಿಂದಿನ ಬಯಲಿನಲ್ಲಿ ಮನೆಗಳೆದ್ದಿವೆ. ಪಂಕ್ಚರ್ ಹಾಕಿಯಾಗಿತ್ತು. ಎದುರಿನ ಭಟ್ಟಿಯಲ್ಲಿ ಒಂದು ಸೇರು ಮಂಡಕ್ಕಿ ಕಟ್ಟಿಸಿಕೊಂಡೆ. ಬೆಚ್ಚಗಿನ ಪೊಟ್ಟಣ ಹಿಡಿದು ಗೋದಾಮಿನ ಮುಚ್ಚಿದ ಶಟರಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಯಾಕಪ್ಪ ಎಂದು ಅವರು ಕೇಳಿದ್ದಕ್ಕೆ ಉತ್ತರ ಅವತ್ತೂ ನನ್ನ ಬಾಯಲ್ಲೇ ಇತ್ತು. ಬೆರಳಿನ ಗುಟ್ಟು ನಿಮ್ಮದು ಚಾಚಾ, ಇನ್ನೊಬ್ಬರಿಗೆ ಕೊಡಲು ಮನಸ್ಸು ಬರಲಿಲ್ಲ. ಇಷ್ಟೇ ಮಾತು... ಅವರು ಬದುಕಿದ್ದ ಅಷ್ಟೂ ವರ್ಷ ಎರಡು ಮೈಲಿ ದೂರದಲ್ಲಿ ಇದ್ದುಕೊಂಡು, ಇಷ್ಟನ್ನು ಹೇಳಲು ನಾನು ಹೋಗಲಿಲ್ಲ.