ಡೆಲ್ಫೀನಾ ಮುಟ್ಟಿ ಹೇಳಿದ ಮೇಲೆ

ಚರ್ಚಿನಲ್ಲಿ ಬೆಳಗಿನ ಬಲಿಪೂಜೆಯ ಗಂಟೆ ಇನ್ನೂ ಬಾರಿಸಿಲ್ಲ. ಗ್ರಾಪ್ಪಾ ಬೆಟ್ಟದ ನೆತ್ತಿಗೆ ಮಾತ್ರ ಬಿಸಿಲು ತಾಕಿದೆ. ಕೆಳಗೆ ಊರಿನ ಚೌಕದ ಕಲ್ಲುಹಾಸು ಇಬ್ಬನಿಗೆ ಒದ್ದೆಯಾಗಿಯೇ ಇದೆ. ಕಮಾನುಗಳ ಕೆಳಗೆ ಹಳೆಯ ಸೈಕಲ್ ಮಾರುವವರು ಕಂಬಳಿ ಹಾಸಿ ಚಕ್ರ, ಸೀಟು, ಬಣ್ಣ ಮಾಸಿದ ಫ್ರೇಮುಗಳನ್ನು ಜೋಡಿಸುತ್ತಿದ್ದಾರೆ. ಕಾಫಿ ಅಂಗಡಿಯ ಪಕ್ಕ, ಹುಲ್ಲು ಹೆಣೆದ ಕುರ್ಚಿಯಲ್ಲಿ ಕುಳಿತ ಡೆಲ್ಫೀನಾ ಬ್ರೂಸಮೋಲಿನ್ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ಚಳಿಗೆ ಮರಗಟ್ಟಿದ ಬೆರಳಿಗೆ ಉಕ್ಕು ಏನನ್ನೂ ಹೇಳುವುದಿಲ್ಲ ಎನ್ನುತ್ತಾರೆ ಅವರು.

ತಿಂಗಳ ಮೊದಲ ಭಾನುವಾರ ನಡೆಯುವ ಈ ಸಂತೆಯಲ್ಲಿ ಡೆಲ್ಫೀನಾ ಏನನ್ನೂ ಮಾರುವುದಿಲ್ಲ. ಹಳೆಯ ರೇಸ್ ಸೈಕಲ್ಲಿನ ಉಕ್ಕಿನ ಫ್ರೇಮಿಗೆ ಮನಸೋತವರು ಹಣ ಕೊಡುವ ಮೊದಲು ಅದನ್ನು ಹೆಗಲಿಗೇರಿಸಿಕೊಂಡು ಇವರ ಬಳಿ ಬರುತ್ತಾರೆ. ಇವರು ಮುಟ್ಟಿ ನೋಡಿ ತಗೋ ಎನ್ನುತ್ತಾರೆ, ಇಲ್ಲವೇ ಬೇಡ ಎನ್ನುತ್ತಾರೆ. ಅದಕ್ಕೆ ಸಲ್ಲುವುದು ಒಂದು ಕಾಫಿ. ಚೌಕದಲ್ಲಿ ಒಂದು ಕಟ್ಟುಪಾಡೂ ಇದೆ. ಬೇಡ ಎಂದವರು ಆ ಫ್ರೇಮನ್ನು ತಾವು ಎಂದೂ ಕೊಳ್ಳುವಂತಿಲ್ಲ. ಬೆಲೆ ಇಳಿಸಲೆಂದೇ ಹಳಿದರು ಎಂಬ ಮಾತು ಬರಬಾರದಲ್ಲ.

ಈ ಕೈಗಳು ಬಿಡುವು ಕಂಡವಲ್ಲ. ನದಿಯ ಆಚೆ ದಡದ ಶೆಡ್ಡಿನಲ್ಲಿ ಗಂಡ ಒಲಿಂದೊ ಸೈಕಲ್ ಫ್ರೇಮಿನ ಕೊಳವೆಗಳನ್ನು ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ಬೆಸುಗೆಯ ಅಂಚನ್ನು ಅರ ಹಿಡಿದು ತಿದ್ದುವುದು ಡೆಲ್ಫೀನಾರ ಪಾಲು. ಚಳಿಗಾಲದಲ್ಲಿ ಉಗುರಿನ ಸಂದಿ ಸೀಳಿ ರಕ್ತ ಬರುತ್ತಿತ್ತು, ರಾತ್ರಿ ಹಂದಿಕೊಬ್ಬು ಸವರಿ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದರು. ಅವರ ಫ್ರೇಮುಗಳ ಮೇಲೆ ಅವರ ಹೆಸರು ಇರುತ್ತಿರಲಿಲ್ಲ. ದೊಡ್ಡ ಅಂಗಡಿಗಳವರು ಒಯ್ದು ತಮ್ಮ ಹೆಸರು ಅಂಟಿಸುತ್ತಿದ್ದರು. ಶೆಡ್ಡು ಮುಚ್ಚಿದಾಗ ಕೊನೆಯ ಫ್ರೇಮೂ ಮಾರಾಟವಾಯಿತು. ಕಳೆದ ಚಳಿಗಾಲ ಒಲಿಂದೊ ತೀರಿಕೊಂಡ ಮೇಲೆ ನೋಡಿದರೆ, ಗಂಡನ ಕೈಕೆಲಸದ ಒಂದು ತುಂಡೂ ಮನೆಯಲ್ಲಿ ಉಳಿದಿರಲಿಲ್ಲ.

"ಆಗ ಹೊಟ್ಟೆಪಾಡು ನಡೀಬೇಕಿತ್ತು. ಒಂದನ್ನ ಇಟ್ಕೊಳ್ಳೋಣ ಅಂತ ಇಬ್ಬರಿಗೂ ಹೊಳೀಲಿಲ್ಲ. ದೇವರು ಕೆಲಸ ಕೊಟ್ಟ, ಮಾಡಿದ್ವಿ, ಉಂಡ್ವಿ," ಎನ್ನುತ್ತಾರೆ.

ಇಂದು ಮೊದಲು ಬಂದವಳು ಅಂಚೆ ಹಂಚುವ ಲುಚಿಲ್ಲಾ. ಹೆಗಲ ಮೇಲೆ ಫಳಫಳ ಹೊಳೆಯುವ ನೀಲಿ ಫ್ರೇಮ್. ಹಿಂದೆಯೇ ಮಾರಾಟಗಾರ ತುಲಿಯೊ.

"ನೋಡಿ ಸಿಯೋರಾ ಡೆಲ್ಫೀನಾ, ಅರಮನೆಯಿಂದ ಬಂದ ಮದುಮಗಳು ಇದು," ಎನ್ನುತ್ತಾನೆ ತುಲಿಯೊ.

"ಮದುಮಗಳಿಗೆ ಇಷ್ಟು ದಪ್ಪ ಬಣ್ಣ ಯಾಕಪ್ಪ ಬಳಿದಿದ್ದೀಯ? ಮುಖದಲ್ಲಿ ಏನಾದ್ರೂ ಮುಚ್ಚಿಡೋದಿದೆಯಾ?"

ಕಾಫಿ ಕುಡಿಯುತ್ತಿದ್ದವರು ನಗುತ್ತಾರೆ. ಲುಚಿಲ್ಲಾ ನಗುವುದಿಲ್ಲ. "ಸಿಯೋರಾ, ಬರೋ ತಿಂಗಳು ಬೆಟ್ಟ ಹತ್ತಿ ಆ ಕಡೆ ಇಳೀಬೇಕು ಅಂತಿದ್ದೀನಿ. ಕಾಗದ ಹೊತ್ತು ಹೊತ್ತು ಸಾಕಾಗಿದೆ, ಒಂದ್ಸಲ ನನಗೋಸ್ಕರ ತುಳೀಬೇಕು. ಚೆನ್ನಾಗಿದೆ ಅಂದ್ಬಿಡಿ."

"ನಾನು ಅಂದ್ರೆ ಚೆನ್ನಾಗಿ ಆಗುತ್ತಾ ಮಗಳೇ? ಕೊಡು ಇಲ್ಲಿ."

ಡೆಲ್ಫೀನಾ ಫ್ರೇಮನ್ನು ಮಡಿಲಿಗೆ ಮಲಗಿಸಿಕೊಳ್ಳುತ್ತಾರೆ. ಸೀಟಿನ ಕೊಳವೆಯ ಬಾಯಿಗೆ ಮೂಗಿಟ್ಟು ತುಕ್ಕಿನ ವಾಸನೆ ನೋಡುತ್ತಾರೆ. ಪೆಡಲ್ ಕೂರುವ ಗೂಡಿನೊಳಗೆ ಕಿರುಬೆರಳು ಆಡಿಸುತ್ತಾರೆ. ನೀರು ನಿಂತು ಕೊಳೆಯುವುದು ಅಲ್ಲೇ. ಹಿಂದಿನ ಚಕ್ರ ಕೂರುವ ಒಂದು ಕಚ್ಚಿಗೆ ದಾರ ಕಟ್ಟಿ, ಮುಂದಿನ ಗಿಡ್ಡ ಕೊಳವೆಯನ್ನು ಬಳಸಿ ಇನ್ನೊಂದು ಕಚ್ಚಿಗೆ ಎಳೆದು, ಸೀಟಿನ ಕೊಳವೆಯಿಂದ ದಾರ ಎರಡೂ ಬದಿಗೆ ಸಮದೂರ ಇದೆಯೇ ಎಂದು ಬೆರಳಿಟ್ಟು ಅಳೆಯುತ್ತಾರೆ. ಎಲ್ಲ ಸರಿ ಇದೆ. ತುಲಿಯೊ ಕಿಸೆಗೆ ಕೈ ಹಾಕಿ ಹಗುರಾಗಿ ನಿಲ್ಲುತ್ತಾನೆ.

ಆಮೇಲೆ ಅವರ ಹೆಬ್ಬೆರಳು ಸೀಟಿನ ಕೆಳಗೆ ಕೊಳವೆಗಳು ಸೇರುವಲ್ಲಿಗೆ ಬಂದು ನಿಲ್ಲುತ್ತದೆ. ದಪ್ಪ ಬಣ್ಣದ ಅಡಿಯಲ್ಲೂ ಅದು ಸಿಗುತ್ತದೆ: ಅಂಚಿನ ತುದಿಯಲ್ಲಿ ಗೋಧಿ ಕಾಳಿನಷ್ಟು ಉಬ್ಬು, ನಡುವೆ ಸಣ್ಣ ಗೀರು. ಅರದ ಆ ತಿರುವು ಡೆಲ್ಫೀನಾರದೇ. ಅದರ ಕೆಳಗಿನ ಬೆಸುಗೆ ಒಲಿಂದೊ ಅವರದು. ಹೆಬ್ಬೆರಳು ಆ ಗೀರಿನ ಮೇಲೆ ಇನ್ನೊಮ್ಮೆ ಹೋಗಿಬರುತ್ತದೆ.

ಉಳಿದದ್ದು ಒಂದೇ ಜಾಗ. ಕಣ್ಣು ಮುಚ್ಚಿ, ಕೆಳಗಿನ ಓರೆ ಕೊಳವೆಯ ಅಡಿಭಾಗವನ್ನು ಮುಂತುದಿಯ ಬಳಿ ಸವರುತ್ತಾರೆ. ಒಂದು ಅಲೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಬಣ್ಣದ ಕೆಳಗೆ ಅಡಗಿದ್ದು. ಎಂದೋ ಯಾರೋ ಗೋಡೆಗೋ ಬಂಡಿಗೋ ನೇರವಾಗಿ ಗುದ್ದಿದ್ದಾರೆ. ತೆಳು ಕೊಳವೆ ಮಡಿಚಿಕೊಂಡಿದೆ. ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರವೆಲ್ಲ ಬಂದು ಬೀಳುವುದು ಇಲ್ಲಿಗೇ.

ಬಾಯಿ ಬಿಡದಿದ್ದರೆ ಈ ಫ್ರೇಮ್ ಲುಚಿಲ್ಲಾಳ ಜೊತೆ ಬೆಟ್ಟ ಇಳಿಯುತ್ತದೆ. ಬೇಡ ಎಂದರೆ ಒಲಿಂದೊ ಅವರ ಈ ಬೆಸುಗೆ ಇನ್ನೆಂದೂ ಡೆಲ್ಫೀನಾರ ಮನೆ ಹೊಸಿಲು ದಾಟಿ ಒಳಗೆ ಬರುವುದಿಲ್ಲ. ಅವರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ.

"ಬೇಡ ಮಗಳೇ. ಇದು ಬಿದ್ದು ಎದ್ದಿರೋದು. ಕೈ ಕೊಡು ಇಲ್ಲಿ. ಸಿಕ್ತಾ? ಇನ್ನೊಂದ್ಸಲ ಬಿದ್ರೆ ಏಳೋದಿಲ್ಲ, ಇದೂ, ನೀನೂ."

ಲುಚಿಲ್ಲಾ ಬೆರಳಾಡಿಸಿ ಬೆಚ್ಚಿ ಕೈ ಹಿಂದೆಗೆಯುತ್ತಾಳೆ. ತುಲಿಯೊ ತಲೆ ಕೆರೆದುಕೊಳ್ಳುತ್ತಾನೆ. "ದೇವರಾಣೆ, ನನಗೆ ಗೊತ್ತಿರಲಿಲ್ಲ ಸಿಯೋರಾ. ನಾನು ತಂದಾಗ್ಲೇ ಈ ಬಣ್ಣ ಇತ್ತು."

"ಗೊತ್ತಿದ್ರೆ ನನ್ನ ಹತ್ರ ಬರೋಕೆ ಬಿಡ್ತಿದ್ಯಾ? ನಂಬಿದ್ದೀನಿ ಬಿಡು."

ಆದರೂ ಫ್ರೇಮ್ ಮಡಿಲಿನಲ್ಲೇ ಇದೆ. ಅದನ್ನು ಮೊದಲು ಗಮನಿಸುವವನು ತುಲಿಯೊ. ಬಗ್ಗಿ ನೋಡುತ್ತಾನೆ: ಅವರ ಹೆಬ್ಬೆರಳು ಸೀಟಿನ ಕೆಳಗಿನ ಆ ಉಬ್ಬಿಗೆ ಮರಳಿದೆ. ಅವನ ದನಿ ತಗ್ಗುತ್ತದೆ. "ಒಲಿಂದೊ ಮಾಮನ ಕೆಲಸಾನಾ?"

"ಹ್ಞೂಂ."

"ಹಾಗಾದ್ರೆ ಇಟ್ಕೊಳ್ಳಿ. ಕಾಸು ಬೇಡ. ಕೊಂಡ ಹಾಗಾಗಲ್ಲ."

"ಕೊಂಡ್ರೂ ಒಂದೇ, ಸುಮ್ಮನೆ ತಗೊಂಡ್ರೂ ಒಂದೇ ಕಣೋ. ಹಳಿದು ಹೊಡ್ಕೊಂಡ್ಳು ಮುದುಕಿ ಅಂತ ಮುಂದಿನ ಸಂತೇಲಿ ನೀನೇ ಆಡ್ಕೋತೀಯ."

"ಆಡ್ಕೋತೀನಿ," ಎಂದು ಒಪ್ಪಿಕೊಳ್ಳುತ್ತಾನೆ ತುಲಿಯೊ.

ಬಲಿಪೂಜೆಯ ಗಂಟೆ ಬಾರಿಸುತ್ತದೆ. ಡೆಲ್ಫೀನಾ ಫ್ರೇಮನ್ನು ಕಂಬಕ್ಕೆ ಒರಗಿಸಿ, ತಲೆಗೆ ವಸ್ತ್ರ ಕಟ್ಟಿಕೊಂಡು ಏಳುತ್ತಾರೆ. ಲುಚಿಲ್ಲಾ ಆಗ ಫ್ರೇಮನ್ನು ಮತ್ತೆ ಹೆಗಲಿಗೇರಿಸುತ್ತಾಳೆ.

"ಇದನ್ನ ನಾನೇ ತಗೋತೀನಿ ತುಲಿಯೊ, ಗುಜರಿ ಬೆಲೆಗೆ. ತುಳಿಯೋಕಲ್ಲ."

ಬೆಟ್ಟದ ದಾರಿಯ ಮೊದಲ ತಿರುವಿನಲ್ಲಿ ಮಾತೆ ಮರಿಯಳ ಚಿಕ್ಕ ಗುಡಿ ಇದೆ. ಬಿದ್ದು ಬದುಕಿ ಉಳಿದ ಸೈಕಲ್ ಸವಾರರು ಸೊಟ್ಟ ಚಕ್ರವನ್ನೋ ಹರಿದ ಅಂಗಿಯನ್ನೋ ತಂದು ಅಲ್ಲಿನ ಗೋಡೆಗೆ ತೂಗುಹಾಕುತ್ತಾರೆ. ಅದೇ ಅವರ ಕೃತಜ್ಞತೆ. ಲುಚಿಲ್ಲಾ ಕೇಳುತ್ತಾಳೆ: "ಬೀಳದೇ ಉಳಿದವಳು ತೂಗುಹಾಕಬಾರದು ಅಂತ ಏನಾದ್ರೂ ಇದೆಯಾ, ಸಿಯೋರಾ?"

ಡೆಲ್ಫೀನಾ ಅವಳ ಕೆನ್ನೆ ಸವರುತ್ತಾರೆ. ಪ್ರತಿ ಶನಿವಾರ ಆ ಗುಡಿಯ ಕಸ ಗುಡಿಸಿ ಮೇಣದಬತ್ತಿ ಹಚ್ಚುವುದು ಅವರೇ ಎಂಬುದು ಊರಿಗೆಲ್ಲ ಗೊತ್ತು. ಚರ್ಚಿನ ಮೆಟ್ಟಿಲಿನವರೆಗೂ ಹೋದವರು ತಿರುಗಿ ನಿಲ್ಲುತ್ತಾರೆ.

"ಲುಚಿಲ್ಲಾ, ಮೊಳೆ ಸ್ವಲ್ಪ ಕೆಳಗೇ ಹೊಡಿಸು ಮಗಳೇ. ನನ್ನ ಕೈಗೆ ಎಟುಕೋ ಹಾಗೆ."