ಬೇಲಿಯಾಚೆಯ ಜಿಗಣೆ

ಜಾತ್ಯತೀತತೆಯ ಬಗ್ಗೆ ಭಾಷಣ ಮಾಡಲು ಯಾರಾದರೂ ಎದ್ದು ನಿಂತರೆ ನನಗೆ ಕಾಲು ತುರಿಸತೊಡಗುತ್ತದೆ. ಭಾಷಣಕಾರರು ಬೇಸರಪಡಬಾರದು, ಅದು ಜಿಗಣೆಯ ನೆನಪು.

ನಾವು ಪನಮರಂ ಕಡೆಯ ಜೈನ ಗೌಡರು. ವಯನಾಡಿಗೆ ಯಾವಾಗ ಬಂದೆವೆಂದು ನಮಗೇ ಮರೆತುಹೋಗುವಷ್ಟು ಹಳಬರು. ನಾನು ಚಿಕ್ಕವಳಿದ್ದಾಗ ತಿರುವಾಂಕೂರಿನ ಕಡೆಯಿಂದ ಕ್ರೈಸ್ತ ಕುಟುಂಬಗಳು ಬಂದು, ಕಾಡು ಕಡಿದು ಮರಗೆಣಸು ನೆಡುತ್ತಿದ್ದವು. ಹಾಗೆ ನಮ್ಮ ಬೇಲಿಯಾಚೆ ಬಂದು ನೆಲೆಸಿದವರು ಮತ್ತಾಯಿ ಚೇಟ್ಟನ್, ಅಂದರೆ ಮತ್ತಾಯಿ ಅಣ್ಣ.

ನಮ್ಮಪ್ಪನ ಅಹಿಂಸೆಯಲ್ಲಿ ರಿಯಾಯಿತಿ ಇರಲಿಲ್ಲ. ಜಿಗಣೆಗೆ ಸ್ಪರ್ಶ, ರುಚಿ ಎಂಬ ಎರಡೇ ಇಂದ್ರಿಯಗಳೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಆ ಎರಡನ್ನೂ ಅದು ನಮ್ಮ ಮೇಲೆಯೇ ಪ್ರಯೋಗಿಸುತ್ತಿತ್ತು. ಆದರೂ ಅಪ್ಪ ಅದನ್ನು ಕಾಲಿನಿಂದ ಮೆಲ್ಲಗೆ ಬಿಡಿಸಿ, ಎಲೆಯ ಮೇಲಿಟ್ಟು, ನೋವಾಗದಂತೆ ಕೆಳಗೆ ಬಿಡುತ್ತಿದ್ದರು. ಎಲ್ಲಿ? ಬೇಲಿಯಾಚೆ. ಧರ್ಮವೂ ಉಳಿಯಿತು, ಅಂಗಳವೂ ಚೊಕ್ಕಟವಾಯಿತು. ಇದರಲ್ಲಿ ತಪ್ಪಿದೆಯೆಂದು ನನಗಂತೂ ಹೊಳೆದಿರಲಿಲ್ಲ. ನಾನೂ ಸಾಕಷ್ಟು ದಾಟಿಸಿದ್ದೇನೆ.

ನಾಟಿಯ ದಿನಗಳಲ್ಲಿ ಒಂದು ಬೆಳಿಗ್ಗೆ ಚೇಟ್ಟನ್ ರಕ್ತ ಸುರಿಯುವ ಕಾಲಿನಲ್ಲೇ ಬಂದು ನಿಂತರು.

"ಗೌಡರೇ, ನಿಮ್ಮ ಪುಣ್ಯ ಎಲ್ಲಾ ನನ್ನ ಕಾಲಲ್ಲಿ ಉಂಟಲ್ಲೋ! ಇನ್ನು ನನ್ನ ಪರಂಬಲ್ಲಿ ನಿಮಗೆ ದಾರಿ ಇಲ್ಲ, ಕೇಟ್ಟೋ!"

ಅವರ ಜಾಗ ದಾಟದೆ ನಮ್ಮ ಗದ್ದೆಗೆ ಹೋಗುವಂತಿರಲಿಲ್ಲ. ಕಿತ್ತ ಸಸಿಯ ಕಟ್ಟುಗಳು ಅಂಗಳದಲ್ಲಿ ಬಾಡುತ್ತಿದ್ದವು. ನಾಟಿ ತಪ್ಪಿದರೆ ವರ್ಷದ ಅನ್ನವೇ ತಪ್ಪಿದಂತೆ. ನನಗೆ ಅಳು ಬಂತು.

ಅಪ್ಪ ಆ ಕಾಲನ್ನೇ ನೋಡುತ್ತ ನಿಂತರು. ಅವರು ನಾಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಒಳಗೆ ಹೋಗಿ ಬಾಳೆಲೆಯಲ್ಲಿ ಒಂದು ಹಿಡಿ ಕಲ್ಲುಪ್ಪು ಕಟ್ಟಿ ತಂದರು. ಉಪ್ಪು ಬಿದ್ದರೆ ಜಿಗಣೆ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿಲ್ಲದೇ ಇರಲಿಲ್ಲ.

"ತಗೋ ಮತ್ತಾಯಿ. ಇನ್ಮೇಲೆ ಬೇಲಿ ದಾಟ್ಸಲ್ಲ, ತೋಡಿನ ನೀರ ಹತ್ರ ಬಿಡ್ತೀನಿ. ಈ ಉಪ್ಪು ಯಾತಕ್ಕೆ ಅಂತ ನಾನು ಕೇಳಲ್ಲ."

"ಕಂಜಿಗೆ, ಗೌಡರೇ," ಎಂದರು ಚೇಟ್ಟನ್, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖದಲ್ಲಿ.

ದಾರಿ ತೆರೆಯಿತು. ನಾವು ಸಸಿ ಹೊತ್ತು ಅವರ ಗೆಣಸಿನ ನಡುವೆ ಹೋಗುವಾಗ ಚೇಟ್ಟನ್ ಅಪ್ಪನ ಹಿಮ್ಮಡಿಯಲ್ಲೊಂದು ಜಿಗಣೆ ಕಂಡರು. ಕೈ ಉಪ್ಪಿನ ಪೊಟ್ಟಣಕ್ಕೆ ಹೋಯಿತು, ಹಾಗೆಯೇ ಹಿಂದೆ ಬಂತು. ಗೊಣಗುತ್ತಲೇ ಒಂದು ಎಲೆ ಕಿತ್ತು, ಅದರ ಮೇಲೆ ಜಿಗಣೆಯನ್ನಿಟ್ಟು ತೋಡಿನ ದಡದವರೆಗೂ ಹೊತ್ತುಕೊಂಡು ಹೋದರು.

ಇದೆಲ್ಲ ಸ್ವಾರ್ಥದ ಹೊಂದಾಣಿಕೆ ಎಂದು ತಿಳಿದವರು ಹೇಳಬಹುದು. ನಮಗೆ ದಾರಿ ಬೇಕಿತ್ತು, ಅವರಿಗೆ ಉಳುಮೆಗೆ ನಮ್ಮ ಎತ್ತು ಬೇಕಿತ್ತು, ನಿಜ. ಆದರೆ ಎತ್ತಿನ ಆಸೆಗೆ ಯಾರೂ ಜಿಗಣೆಯನ್ನು ಅಷ್ಟು ಮೆಲ್ಲಗೆ ಹಿಡಿಯುವುದಿಲ್ಲ.